ಬಾಡಿಗೆ ತಿನ್ನುವ ಗೋಡೆಗಳು

ಚೆನ್ನೈನಲ್ಲಿ ಬಾಡಿಗೆಗೆಂದೇ ಫ್ಲ್ಯಾಟ್ ಕೊಳ್ಳುವವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ: ಚದರಡಿಗೆ ಎಷ್ಟು, ಯುಡಿಎಸ್ (ನೆಲದಲ್ಲಿ ಸಿಗುವ ಅವಿಭಜಿತ ಪಾಲು) ಎಷ್ಟು, ಮೆಟ್ರೋ ಎಷ್ಟು ದೂರ. ಕಾಂಕ್ರೀಟಿಗೆ ಯಾವ ನೀರು ಬಳಸಿದರು, ಎಷ್ಟು ದಿನ ಕ್ಯೂರಿಂಗ್ ಮಾಡಿದರು ಎಂದು ಕೇಳುವವರು ಅಪರೂಪ. ಈ ಹೂಡಿಕೆ ಪದ್ಧತಿಯ ದೊಡ್ಡ ದೋಷ ಇದೇ. ಬಾಡಿಗೆ ಹುಟ್ಟುವುದು ಜಾಗದಿಂದ, ಅದು ಕೈಯಲ್ಲಿ ಉಳಿಯುವುದು ಕಟ್ಟಡದ ಗುಣದಿಂದ.

ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ, 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 20,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2.4 ಲಕ್ಷ, ಅಂದರೆ ಶೇ 3. ಸೋರಿಕೆಯ ಕಾರಣಕ್ಕೆ ಬಾಡಿಗೆದಾರ ಬಿಟ್ಟುಹೋಗಿ ಎರಡು ತಿಂಗಳು ಮನೆ ಖಾಲಿ ಬಿದ್ದರೆ 40,000 ಹೋಯಿತು. ಬಾತ್‌ರೂಮಿನ ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಲು 60,000, ಆಸ್ತಿ ತೆರಿಗೆ ಮತ್ತಿತರ ಖರ್ಚು 20,000. ಉಳಿದದ್ದು 1.2 ಲಕ್ಷ. ಶೇ 3 ಇದ್ದದ್ದು ಶೇ 1.5ಕ್ಕೆ ಇಳಿಯಿತು. ಆದಾಯ ತೆರಿಗೆಯಲ್ಲಿ ರಿಪೇರಿಗೆಂದು ಸಿಗುವುದು ಶೇ 30ರ ನಿಗದಿತ ಕಡಿತ ಮಾತ್ರ. ರಿಪೇರಿ ಬಿಲ್ ಅದನ್ನು ಮೀರಿದರೂ ಹೆಚ್ಚಿಗೆ ಒಂದು ಪೈಸೆ ಕಡಿತವಿಲ್ಲ.

ಕಳಪೆ ಕೆಲಸವನ್ನು ಚೆನ್ನೈನ ಹವೆ ಬೇಗ ಬಯಲಿಗೆಳೆಯುತ್ತದೆ. ಸಮುದ್ರದ ಉಪ್ಪುಗಾಳಿ, ಹಲವು ಕಡೆ ಉಪ್ಪಾದ ಬೋರ್‌ವೆಲ್ ನೀರು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆ ಇಲ್ಲಿ ಒಟ್ಟುಗೂಡುತ್ತವೆ. ಕಬ್ಬಿಣ ಬಳಸುವ ಕಾಂಕ್ರೀಟಿಗೆ ಹಾಕುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು, ಕರಾವಳಿ ವಾತಾವರಣದಲ್ಲಿ ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000. ಇವೆರಡನ್ನೂ ತಪ್ಪಿಸಿದ ಕಟ್ಟಡದಲ್ಲಿ ಕೆಲವೇ ವರ್ಷಗಳಲ್ಲಿ ಸನ್‌ಶೇಡಿನ ಅಡಿಯಲ್ಲಿ ಕಂದು ಗೆರೆ ಮೂಡುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮೇಲೆ ಹೊಸ ಬಣ್ಣ ಹೊಡೆಸಿದರೆ ಮುಂದಿನ ಮಳೆಗಾಲದವರೆಗೆ ಮುಚ್ಚಿಟ್ಟಂತಾಗುತ್ತದೆಯೇ ಹೊರತು ಕಾಯಿಲೆ ವಾಸಿಯಾಗುವುದಿಲ್ಲ.

ಕಳಪೆ ಕೆಲಸಕ್ಕೆ ಚೆನ್ನೈನಲ್ಲೇ ಉದಾಹರಣೆಗಳಿವೆ. 2014ರ ಜೂನ್ 28ರಂದು ನಗರದ ಹೊರವಲಯದ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. 2021ರ ಆಗಸ್ಟ್‌ನಲ್ಲಿ ಪುಳಿಯಂತೋಪಿನ ಕೆ.ಪಿ. ಪಾರ್ಕ್ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಕೈ ಮುಟ್ಟಿದರೆ ಗಾರೆ ಉದುರುವುದನ್ನು ನಿವಾಸಿಗಳು ತೋರಿಸಿದರು. ಐಐಟಿ ಮದ್ರಾಸ್ ತಜ್ಞರಿಂದ ಪರಿಶೀಲನೆ ನಡೆಯಿತು. ಇಂಥವು ಸುದ್ದಿಯಾಗುತ್ತವೆ. ಪಕ್ಕದ ಮನೆಯ ಬಾತ್‌ರೂಮಿನಿಂದ ನಮ್ಮ ಮಲಗುವ ಕೋಣೆಗೆ ಇಳಿಯುವ ತೇವ ಸುದ್ದಿಯಾಗುವುದಿಲ್ಲ, ಆದರೆ ಬಾಡಿಗೆದಾರನನ್ನು ಓಡಿಸುವುದು ಅದೇ. ಬೆಂಗಳೂರಿನಲ್ಲಿದ್ದುಕೊಂಡು ಚೆನ್ನೈನ ಮನೆ ಬಾಡಿಗೆಗೆ ಕೊಟ್ಟವರಿಗಂತೂ ಪ್ರತಿ ಸೋರಿಕೆಯೂ ಒಂದು ರೈಲು ಪ್ರಯಾಣ.

ಕಾನೂನೂ ಮಾಲೀಕನ ಕಡೆಗೇ ಬೆರಳು ತೋರಿಸುತ್ತದೆ. 2019ರಲ್ಲಿ ಜಾರಿಗೆ ಬಂದ ತಮಿಳುನಾಡು ಬಾಡಿಗೆ ಕಾಯ್ದೆಯ ಪ್ರಕಾರ ಕಟ್ಟಡದ ರಚನೆಯ ರಿಪೇರಿ, ಪೈಪ್ ಬದಲಾವಣೆ ಮಾಲೀಕನ ಹೊಣೆ. ಬಿಲ್ಡರ್‌ನನ್ನು ಹೊಣೆ ಮಾಡುವ ದಾರಿಯೂ ಇದೆ. ಸ್ವಾಧೀನ ಪಡೆದ 5 ವರ್ಷದೊಳಗೆ ರಚನೆಯ ಅಥವಾ ಕೆಲಸದ ದೋಷ ತಿಳಿಸಿದರೆ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು ಎಂದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುತ್ತದೆ. ಬಾಡಿಗೆಗೆ ಕೊಟ್ಟು ಮನೆಯತ್ತ ತಿರುಗಿ ನೋಡದ ಮಾಲೀಕ ಈ ಐದು ವರ್ಷವನ್ನು ಸುಮ್ಮನೆ ಕಳೆದುಕೊಳ್ಳುತ್ತಾನೆ.

‘ಕಟ್ಟಡ ಹೋದರೇನು, ನೆಲದ ಬೆಲೆ ಏರುತ್ತದಲ್ಲ’ ಎನ್ನುವ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಯುಡಿಎಸ್‌ನ ಬೆಲೆ ಏರಬಹುದು. ಆದರೆ ಅದು ಅವಿಭಜಿತ ಪಾಲು. ಉಳಿದ ಮಾಲೀಕರಲ್ಲಿ ಬಹುಪಾಲು ಜನರ ಒಪ್ಪಿಗೆಯಿಲ್ಲದೆ ಕಟ್ಟಡ ಕೆಡವಿ ಹೊಸದು ಕಟ್ಟಲಾಗದು. ಅಲ್ಲಿಯತನಕ ಸಾಲದ ತಿಂಗಳ ಕಂತು ಕಟ್ಟಬೇಕಾದದ್ದು ಬಾಡಿಗೆಯಿಂದಲೇ.

ಆದ್ದರಿಂದ ಕೊಳ್ಳುವ ಮುನ್ನ ಅದೇ ಬಿಲ್ಡರ್ ಐದಾರು ವರ್ಷದ ಹಿಂದೆ ಕಟ್ಟಿದ ಮನೆಗೆ ನವೆಂಬರ್ ಮಳೆಯಲ್ಲಿ ಹೋಗಿ ಚಾವಣಿ ನೋಡಿ, ಅಲ್ಲಿರುವವರನ್ನು ಮಾತಾಡಿಸಿ. ಕೊಳ್ಳಲಿರುವ ಮನೆಯ ಬಾತ್‌ರೂಮಿನಲ್ಲಿ ಒಂದು ದಿನ ನೀರು ನಿಲ್ಲಿಸಿ ಕೆಳಗಿನ ಮನೆಯ ಚಾವಣಿ ಪರೀಕ್ಷಿಸಿ. ಒಬ್ಬ ಸ್ವತಂತ್ರ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ಲಿಖಿತ ವರದಿ ಪಡೆಯಿರಿ. ಇಂಥ ಪರಿಶೀಲನೆಗೆ ಒಪ್ಪದ ಬಿಲ್ಡರ್‌ನಿಂದ ಮನೆ ಕೊಳ್ಳಬೇಡಿ, ಬೆಲೆ ಎಷ್ಟೇ ಕಡಿಮೆಯಿರಲಿ.