ತಂಬೂರಿ ಜೊತೆ ಇನ್ನೊಂದು ಶ್ರುತಿ

ನಮ್ಮ ಸಂಗೀತ ವಿಮರ್ಶೆಗಳಲ್ಲಿ ರಾಗ ಇರುತ್ತೆ, ತಾಳ ಇರುತ್ತೆ, ಪಕ್ಕವಾದ್ಯದವರ ಗುಣಗಾನ ಇರುತ್ತೆ. ಸ್ಪೀಕರಿನಿಂದ ಎರಡು ಗಂಟೆ ಒಂದೇ ಸಮನೆ ಬಂದ 'ಗುಂಯ್' ಮಾತ್ರ ಇರೋದಿಲ್ಲ. ಹೋದ ತಿಂಗಳು ಬೆಂಗಳೂರಿನ ಸಭಾಂಗಣವೊಂದರಲ್ಲಿ ಕೇಳಿದ ಗಾಯನಕ್ಕೂ ಹೀಗೇ ಆಯ್ತು. ಗಾಯಕಿ ಹಾಡಿದ್ದು ನಿಜಕ್ಕೂ ಚೆನ್ನಾಗಿತ್ತು. ಆದ್ರೆ ಆಲಾಪದ ನಡುವೆ ಅವರು ನಿಲ್ಲಿಸಿದಾಗೆಲ್ಲ ಆ ಮೌನ ನಮಗೆ ಸಿಗಲೇ ಇಲ್ಲ. ಅಲ್ಲಿ ಗುಂಯ್ ಬಂದು ಕೂತಿತ್ತು.

"ಸ್ವಲ್ಪ ಸದ್ದು ತಾನೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋರಿಗೆ ಒಂದು ಲೆಕ್ಕ. ನಮ್ಮ ಕರೆಂಟು 50 ಹರ್ಟ್ಸ್. ಗುಂಯ್ ಕೇಳೋದು 50ರಲ್ಲಿ, ಜೊತೆಗೆ 100, 150, 200ರಲ್ಲಿ. ಹಾರ್ಮೋನಿಯಂನ ಬಿಳಿ ಐದು ಸುಮಾರು 196, ಕಪ್ಪು ನಾಲ್ಕು ಸುಮಾರು 208. ಎಷ್ಟೋ ಗಾಯಕಿಯರ ಶ್ರುತಿ ಇದೇ ಆಸುಪಾಸಿನಲ್ಲಿರುತ್ತೆ. 200 ಇವೆರಡಕ್ಕೂ ಸೇರಲ್ಲ. ಅಂದ್ರೆ ತಂಬೂರಿ ಪಕ್ಕದಲ್ಲೇ ಶ್ರುತಿ ತಪ್ಪಿದ ಇನ್ನೊಂದು ತಂಬೂರಿ! ಇದನ್ನ ವಿಮರ್ಶೆಯಿಂದ ಹೊರಗಿಡೋದು ಹೇಗೆ ಸ್ವಾಮಿ?

ಇದು ಬರೋದು ಬಹಳ ಸಲ ಅರ್ಥಿಂಗ್‌ನಿಂದ. ಮಿಕ್ಸರು ಸಭಾಂಗಣದ ಹಿಂದೆ ಒಂದು ಸಾಕೆಟ್‌ನಲ್ಲಿ, ಆಂಪ್ಲಿಫೈಯರು ವೇದಿಕೆ ಪಕ್ಕ ಇನ್ನೊಂದರಲ್ಲಿ. ಎರಡೂ ಕಡೆಯ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತೆ. ಆಡಿಯೋ ಕೇಬಲ್ಲಿನ ಹೊರಗಿನ ಜಾಲರಿ ಎರಡನ್ನೂ ಜೋಡಿಸಿದ ಕೂಡಲೇ ಅದರಲ್ಲಿ ಕರೆಂಟು ಸುತ್ತು ಹೊಡೆಯೋಕೆ ಶುರುವಾಗುತ್ತೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನೋದು.

ಹುಡುಕೋ ರೀತಿ ನಾವು ಆಫೀಸಲ್ಲಿ ಬಗ್ ಹುಡುಕೋ ಥರಾನೇ. ಮಿಕ್ಸರಿಗೆ ಬರೋ ಕೇಬಲ್ ಎಲ್ಲ ಬಿಚ್ಚಿ, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಮಾತ್ರ ಇಟ್ಟು ಕೇಳಿ. ಆಮೇಲೆ ಪ್ರತಿಸಲ ವಾಲ್ಯೂಮ್ ಇಳಿಸಿ ಒಂದೊಂದೇ ಸೇರಿಸುತ್ತಾ ಬನ್ನಿ. ಯಾವುದು ಸೇರಿದಾಗ ಗುಂಯ್ ಬಂತೋ ಅದೇ ಕಳ್ಳ. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಲ್ಯಾಪ್‌ಟಾಪ್ ಸಿಕ್ಕಿಬಿತ್ತು. ಲೈಟು ಮಂದ ಮಾಡಿದಾಗ ಸದ್ದು ಬದಲಾದ್ರೆ ಡಿಮ್ಮರ್ ಕಡೆ ನೋಡಿ. ಸೌಂಡಿನ ಸಾಮಾನೆಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು, ಉದ್ದದ ಓಟಕ್ಕೆ ಬ್ಯಾಲೆನ್ಸ್ಡ್ ಕೇಬಲ್, ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಬಹುಪಾಲು ತೊಂದರೆ ಇಷ್ಟಕ್ಕೇ ಮುಗಿಯುತ್ತೆ.

ಆದ್ರೆ ಎಷ್ಟೋ ಕಡೆ ಮಾಡೋದೇ ಬೇರೆ. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಕಿತ್ತುಹಾಕ್ತಾರೆ, ಇಲ್ಲಾಂದ್ರೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸ್ತಾರೆ. ಲೂಪ್ ತುಂಡಾಗಿ ಗುಂಯ್ ನಿಲ್ಲುತ್ತೆ. ನಿಲ್ಲಿಸಿದವನಿಗೆ ಜಾಣ ಅನ್ನೋ ಹೆಸರು ಬೇರೆ. ನನ್ನ ದೊಡ್ಡ ತಕರಾರು ಇರೋದು ಇಲ್ಲೇ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ಚು ಬಿಡಿಸೋದು ಆಡಿಯೋ ಕೇಬಲ್ಲಿನ ಗ್ರೌಂಡನ್ನ ಮಾತ್ರ. ಪಿನ್ ಕಿತ್ತರೆ ಹೋಗೋದು ಜೀವ ಕಾಯೋ ಅರ್ಥ್. ಒಳಗೆ ಒಂದು ವೈರು ಸುಲಿದು ಡಬ್ಬಿಗೆ ತಾಗಿದರೆ, ಅರ್ಥ್ ಸರಿಯಿದ್ದಾಗ ಫ್ಯೂಸ್ ಹೋಗುತ್ತೆ ಅಥವಾ ಎಂಸಿಬಿ ಬೀಳುತ್ತೆ. ಅರ್ಥ್ ಇಲ್ಲದಿದ್ರೆ 230 ವೋಲ್ಟ್ ಸುಮ್ಮನೆ ಕಾಯ್ತಾ ಇರುತ್ತೆ, ಕೇಬಲ್ ಜಾಲರಿ ಹಿಡಿದು ಮೈಕಿನ ಮೈಗೂ ಬರಬಹುದು. ಬ್ರಿಟನ್ನಿನ ಸ್ವಾನ್ಸಿಯಲ್ಲಿ 1972ರಲ್ಲಿ 'ಸ್ಟೋನ್ ದ ಕ್ರೋಸ್' ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ, ಸರಿಯಾಗಿ ಅರ್ಥ್ ಆಗಿರದ ಮೈಕ್ ಮುಟ್ಟಿ ವೇದಿಕೆ ಮೇಲೇ ಶಾಕ್ ಹೊಡೆದು ತೀರಿಕೊಂಡ.

ನಮ್ಮೂರ ಕಡೆ ಪಂಪ್‌ಸೆಟ್ ಪಕ್ಕದ ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಮರೆಯದೆ ನೀರು ಹೊಯ್ತಾರೆ. ಮಣ್ಣು ಒಣಗಿದ್ರೆ ಅರ್ಥ್ ಕೆಲಸ ಮಾಡಲ್ಲ ಅಂತ ಅವರಿಗೆ ಗೊತ್ತು. ಎಸಿ ಹಾಕಿಸಿ, ಮೆತ್ತನೆ ಕುರ್ಚಿ ಹಾಕಿಸಿದ ಸಭಾಂಗಣಗಳು ತಮ್ಮ ಗುಂಡಿಯನ್ನ ಕೊನೆಗೆ ಯಾವಾಗ ಅಳೆಸಿ ನೋಡಿದ್ವೋ!

ವಿಮರ್ಶಕರು ಇನ್ನು ಮೇಲೆ ಗುಂಯ್ ಬಗ್ಗೆಯೂ ಒಂದು ಸಾಲು ಬರೆಯಲಿ. ಅದು ತಟ್ಟಂತ ನಿಂತುಹೋದ ದಿನ, ಹೇಗೆ ನಿಂತಿತು ಅಂತ ಆಯೋಜಕರನ್ನ ಕೇಳಲಿ. ಹಾಡೋರು ಆ ಮೈಕನ್ನ ಮುಟ್ಟೋ ಮುಂಚೆ.