ನಂಗೆ ಬಿಪಿ ಬರಿಸ್ಬೇಡ

ನಮ್ಮ ಟೀಮಿನಲ್ಲಿ ದಿನಕ್ಕೆ ಹತ್ತು ಸಲವಾದ್ರೂ ಕೇಳಿಬರುವ ಮಾತು ಇದು. ಬಿಲ್ಡ್ ಒಡೆದ್ರೆ ಮ್ಯಾನೇಜರಿಗೆ ಬಿಪಿ. ಸಿಲ್ಕ್ ಬೋರ್ಡಿನಲ್ಲಿ ಸಿಗ್ನಲ್ ಮೂರನೇ ಸಲ ಕೆಂಪಾದ್ರೆ ಕ್ಯಾಬ್ ಡ್ರೈವರಿಗೆ ಬಿಪಿ. ಹೋಂವರ್ಕ್ ಮಾಡದ ಮಗು ಅಮ್ಮನಿಗೆ ಬಿಪಿ ಬರಿಸುತ್ತೆ. ನಮ್ಮ ಬಾಯಲ್ಲಿ ಬಿಪಿ ಅಂದ್ರೆ ಸಿಟ್ಟು. ಏರುತ್ತೆ, ಒಂದು ಕಾಫಿ ಕುಡಿದ್ರೆ ಇಳಿಯುತ್ತೆ. ನಾನೂ ಹೀಗೇ ಮಾತಾಡೋನು. ಮಾತಾಡಿದ್ರೆ ತೊಂದರೆ ಇರ್ಲಿಲ್ಲ, ಆದರೆ ಈ ಮಾತನ್ನ ನಾವು ನಂಬಿಬಿಟ್ಟಿದ್ದೀವಿ. ಟಿವಿ, ಆಫೀಸು, ವಿಮಾ ಕಂಪನಿ ಎಲ್ಲವೂ ನಂಬಿದ ಹಾಗೇ ನಡ್ಕೊಳ್ತಿವೆ. ನನ್ನ ತಕರಾರು ಅದರ ಮೇಲೆ.

ಎಡವಟ್ಟು ಪದದಲ್ಲೇ ಶುರುವಾಗುತ್ತೆ. ಡಾಕ್ಟರು ಹೈಪರ್‌ಟೆನ್ಷನ್ ಅಂತ ಬರೀತಾರೆ, ನಮಗೆ ಅದರಲ್ಲಿ ಕೇಳಿಸೋದು ಟೆನ್ಷನ್. ಅದು ಮನೆ ಸಾಲದ, ಅಪ್ರೈಸಲ್ಲಿನ ಟೆನ್ಷನ್ ಅಲ್ಲ. ಊರ ಹೊರಗೆ ಹೊಲದ ಮೇಲೆ ಹಾದುಹೋಗುವ ಹೈಟೆನ್ಷನ್ ವೈರು ಇದೆಯಲ್ಲ, ಅದಕ್ಕೇನಾದ್ರೂ ಚಿಂತೆ ಇದೆಯಾ? ಇದೂ ಹಾಗೆ. ರಕ್ತ ನಾಳದ ಗೋಡೆಯನ್ನ ಒತ್ತುತ್ತಿದೆ, ಅಷ್ಟೇ. ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದ್ರೆ ಅಲ್ಲೂ ಅದೇ ಗುಂಡಿ: ರಕ್ತದೊತ್ತಡ. ಕೆಲಸದ ಒತ್ತಡ, ಮನಸ್ಸಿನ ಒತ್ತಡ, ರಕ್ತದ ಒತ್ತಡ ಎಲ್ಲಾ ಒಂದೇ ಮನೆ ಮಕ್ಕಳ ಥರ ಕೇಳಿಸ್ತವೆ. ಸಿಟ್ಟು ಬಂದಾಗ, ಮೆಟ್ಟಿಲು ಹತ್ತಿದಾಗ ಬಿಪಿ ಏರೋದು ನಿಜ, ಸ್ವಲ್ಪ ಹೊತ್ತಿಗೆ ಇಳಿಯೋದೂ ನಿಜ. ಅದು ಯಾರಿಗಾದ್ರೂ ಆಗುತ್ತೆ. ಕಾಯಿಲೆ ಅಂದ್ರೆ ಸುಮ್ಮನೆ ಕೂತಾಗಲೂ, ಖುಷಿಯಾಗಿದ್ದಾಗಲೂ 140/90ರಿಂದ ಕೆಳಗಿಳಿಯದೆ ನಿಂತುಬಿಡೋದು. ತಣ್ಣಗಿನ ಸ್ವಭಾವದವರಿಗೂ ಬರುತ್ತೆ. ಬಂದದ್ದು ಬಹಳ ಜನಕ್ಕೆ ಗೊತ್ತೇ ಆಗಲ್ಲ, ಯಾಕಂದ್ರೆ ತಲೆನೋವು, ತಲೆಸುತ್ತು ಏನೂ ಇಲ್ಲದೆ ವರ್ಷಗಟ್ಟಲೆ ಇರುತ್ತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವಯಸ್ಸು ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ಇದು ಇದೆ. ಅಷ್ಟು ಜನರೂ ಸಿಡುಕರಾಗಿರೋಕೆ ಸಾಧ್ಯನಾ?

ಇದನ್ನ ಕೆಡಿಸಿದ್ದರಲ್ಲಿ ಧಾರಾವಾಹಿಗಳ ಪಾಲು ದೊಡ್ಡದು. ಮಗಳು ಓಡಿಹೋದ ಸುದ್ದಿ ಬರುತ್ತೆ, ಅಪ್ಪ ಎದೆ ಹಿಡ್ಕೋತಾರೆ, ಮೂರು ಕೋನದಿಂದ ಮೂರು ಸಲ ಕುಸೀತಾರೆ. ಡಾಕ್ಟರು ಹೊರಗೆ ಬಂದು, ಬಿಪಿ ಜಾಸ್ತಿಯಾಗಿದೆ, ಇವರಿಗೆ ಯಾವ ಶಾಕಿಂಗ್ ವಿಷಯನೂ ಹೇಳ್ಬೇಡಿ ಅಂತಾರೆ. ಅಲ್ಲಿಂದ ನಲವತ್ತು ಎಪಿಸೋಡು ಮನೆಮಂದಿಯೆಲ್ಲ ಸತ್ಯ ಮುಚ್ಚಿಡೋದೇ ಚಿಕಿತ್ಸೆ. ತಿಂಡಿ ಆದಮೇಲೆ ಒಂದು ಮಾತ್ರೆ ನುಂಗಿ ಪೇಪರ್ ಓದೋಕೆ ಕೂರುವ ಅಪ್ಪನನ್ನ ನಾನಂತೂ ಒಂದರಲ್ಲೂ ನೋಡಿಲ್ಲ. ಅದರಲ್ಲಿ ಕಥೆ ಎಲ್ಲಿದೆ ಹೇಳಿ? ಬಿಪಿಯ ನಿಜವಾದ ಚಿಕಿತ್ಸೆ ಅಷ್ಟು ಸಪ್ಪೆ.

ನಮ್ಮಪ್ಪ ಧಾರಾವಾಹಿ ನೋಡೋರಲ್ಲ. ತಿಪಟೂರು ಕಡೆ ತೆಂಗಿನ ತೋಟ, ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಒಂಬತ್ತಕ್ಕೆ ಮಲಗೋ ಜೀವ. ಅಕ್ಕನ ಮದುವೆ ವರ್ಷ ಯಾವುದೋ ಜ್ವರಕ್ಕೆ ಅಂತ ಆರೋಗ್ಯ ಕೇಂದ್ರಕ್ಕೆ ಹೋದಾಗ ಬಿಪಿ ಇದೆ ಅಂತ ಗೊತ್ತಾಯ್ತು. ಸಾಲ, ಛತ್ರ, ಚಿನ್ನ ಅಂತ ಓಡಾಡ್ತಿದ್ದೋರಿಗೆ ಬರದೆ ಇರುತ್ತಾ ಅಂತ ಊರೆಲ್ಲ ಒಪ್ಪಿತು. ಅಮ್ಲೊಡಿಪಿನ್ ಮಾತ್ರೆ ಕೊಟ್ಟರು, ತಗೊಂಡರು. ಮದುವೆ ಮುಗೀತು, ಮಾತ್ರೆಯೂ ನಿಂತಿತು. ನಾನು ಫೋನಿನಲ್ಲಿ ಗದರಿದರೆ, "ಇನ್ನೇನ್ ಟೆನ್ಷನ್ ಐತಪ್ಪ ನಂಗೆ? ನಿಮ್ಮಕ್ಕ ಗಂಡನ ಮನೇಲಿ ಚೆನ್ನಾಗವ್ಳೆ, ನೀನು ಕೆಲ್ಸಕ್ಕೆ ಸೇರ್ಕಂಡಿದ್ದೀಯ" ಅಂದರು. ಅವರ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಟೆನ್ಷನ್ನಿನಿಂದ ಬಂದ ಕಾಯಿಲೆ, ಟೆನ್ಷನ್ ಹೋಯ್ತು, ಕಾಯಿಲೆಯೂ ಹೋಯ್ತು. ಆ ಮೊದಲ ಸಾಲನ್ನ ಅವರ ತಲೆಗೆ ಹಾಕಿದ್ದು ನಾವೆಲ್ಲಾ ಸೇರಿ.

ಮೂರು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಅಪ್ಪನಿಗೆ ಬಲಗೈ ಎತ್ತೋಕಾಗಲಿಲ್ಲ. ಮಾತು ತೊದಲುತ್ತಿತ್ತು. ರಾತ್ರಿ ಯಾವಾಗ ಲಕ್ವ ಹೊಡೀತೋ ಪಕ್ಕದಲ್ಲಿ ಮಲಗಿದ್ದ ಅಮ್ಮನಿಗೂ ಗೊತ್ತಿಲ್ಲ. ಕಾರು ಹುಡುಕಿ, ಬೆಂಗಳೂರು ಸೇರೋ ಹೊತ್ತಿಗೆ ಮಧ್ಯಾಹ್ನ. ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಹೊತ್ತು ದಾಟಿತ್ತು. ಹನ್ನೊಂದು ದಿನ ಆಸ್ಪತ್ರೆ. ಬಿಲ್ಲು 3 ಲಕ್ಷ 86 ಸಾವಿರ. ನಮ್ಮ ಕಂಪನಿಯ ಗ್ರೂಪ್ ಇನ್ಶೂರೆನ್ಸಿನಲ್ಲಿ ಶೇ. 20 ನನ್ನ ಕೈಯಿಂದ, ಉಳಿದದ್ದು ಅವರು ಕಟ್ಟಿದರು. ಅದಕ್ಕೆ ಋಣಿ, ಸುಳ್ಳು ಹೇಳಲ್ಲ. ಆದರೆ ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿದ್ದ ಮಾತ್ರೆಗಳ ಪಟ್ಟಿಯಲ್ಲಿ ಮೊದಲನೇ ಹೆಸರು ನೋಡಿ ಅಲ್ಲೇ ಕುರ್ಚಿ ಮೇಲೆ ಕೂತುಬಿಟ್ಟೆ. ಅಮ್ಲೊಡಿಪಿನ್. ಊರಿನ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಟ್ಟಿದ್ದ ಅದೇ ಮಾತ್ರೆ.

ಜನೌಷಧಿ ಅಂಗಡಿಯಲ್ಲಿ ಅದು ಒಂದಕ್ಕೆ ಒಂದು ರೂಪಾಯಿಯ ಆಸುಪಾಸು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರೋದರಿಂದ ಬ್ರ್ಯಾಂಡಿನ ಮಾತ್ರೆಗೂ ಸರ್ಕಾರ ಬೆಲೆ ಕಟ್ಟಿ ಹಾಕಿದೆ. ಬೆಂಗಳೂರಿನ ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ ನೋಡಿ, ಮಾತ್ರೆಯನ್ನೂ ಹಾಗೇ ಕೊಡ್ತಾರೆ. ನಮ್ಮಂಥೋರು ಆ ಕಡೆ ತಲೆ ಹಾಕಲ್ಲ, ಅದು ಬೇರೆ ಮಾತು. ನಮಗೆ ಖರ್ಚು ಆಗೋದು ಮಾತ್ರೆಗಲ್ಲ. ದೊಡ್ಡ ಆಸ್ಪತ್ರೆಯ ಕನ್ಸಲ್ಟೇಷನ್ನು, ಅವರು ಬರೆಯೋ ಟೆಸ್ಟುಗಳು, ಪಾರ್ಕಿಂಗು, ಅರ್ಧ ದಿನದ ರಜೆ. ಇವನ್ನ ಬಹಳಷ್ಟು ಪಾಲಿಸಿಗಳು ಮುಟ್ಟೋದೇ ಇಲ್ಲ. 24 ಗಂಟೆ ಅಡ್ಮಿಟ್ ಆದ್ರೆ ದುಡ್ಡು, ಅಡ್ಮಿಟ್ ಆಗದೆ ಇರೋ ಹಾಗೆ ನೋಡ್ಕೊಂಡ್ರೆ ಇಲ್ಲ. ಸರ್ವರ್ ಬಿದ್ದಾಗ ಇಡೀ ಟೀಮನ್ನ ರಾತ್ರಿಯೆಲ್ಲ ಕೂರಿಸ್ತೀವಿ, ಮಾನಿಟರಿಂಗ್‌ಗೆ ಅಂತ ಬಜೆಟ್ ಕೇಳಿದ್ರೆ ಮುಖ ತಿರುಗಿಸ್ತೀವಿ, ಹಾಗೆ.

ಇನ್ನೂ ಕೆಟ್ಟದ್ದೊಂದಿದೆ. ಕೆಲಸ ಹೋದ್ರೆ ಗ್ರೂಪ್ ಪಾಲಿಸಿಯೂ ಹೋಗುತ್ತೆ ಅನ್ನೋ ಭಯಕ್ಕೆ ಸ್ವಂತದ್ದೊಂದು ಮಾಡಿಸೋಣ ಅಂತ ಹೊರಟೆ. ಏಜೆಂಟು ಗುಟ್ಟು ಹೇಳೋ ದನಿಯಲ್ಲಿ, "ಮೊದ್ಲು ಪಾಲಿಸಿ ತಗೊಳ್ಳಿ ಸಾರ್, ಆಮೇಲೆ ಬೇಕಾದ್ರೆ ಬಿಪಿ ಚೆಕ್ ಮಾಡಿಸಿ" ಅಂದ. ಮೊದಲೇ ಇದ್ದ ಕಾಯಿಲೆ ಅಂತಾದ್ರೆ ಅದಕ್ಕೆ ಸಂಬಂಧಪಟ್ಟ ಕ್ಲೇಮಿಗೆ ಕಂಪನಿ ಮೂರು ವರ್ಷದವರೆಗೂ ಕಾಯಿಸಬಹುದು. 2024ರವರೆಗೆ ಅದು ನಾಲ್ಕು ವರ್ಷ ಇತ್ತು. ಪ್ರೀಮಿಯಮ್ಮೂ ಏರಿಸಬಹುದು. ಗೊತ್ತಿದ್ದು ಮುಚ್ಚಿಟ್ಟರೆ ಕ್ಲೇಮೇ ಬಿದ್ದುಹೋಗಬಹುದು, ಗೊತ್ತೇ ಇಲ್ಲದಿದ್ರೆ ಬಚಾವು. ಅಂದ್ರೆ ಕಾಯಿಲೆ ಇದೆಯಾ ಅಂತ ನೋಡಿಕೊಳ್ಳೋನು ದಡ್ಡ. ಲಕ್ಷಣವೇ ತೋರಿಸದ ಕಾಯಿಲೆಗೆ ಇದಕ್ಕಿಂತ ಅನುಕೂಲವಾದ ನಿಯಮ ಬರೆಯೋಕೆ ಸಾಧ್ಯನಾ? ಪಾಪ, ಏಜೆಂಟಿನ ತಪ್ಪೇನಿಲ್ಲ. ಅವನು ಓದಿದ್ದು ಅದೇ ಷರತ್ತುಗಳನ್ನ.

ಆಫೀಸಿನ ವೆಲ್‌ನೆಸ್ ವೀಕ್ ವಿಷಯಕ್ಕೆ ಬರ್ತೀನಿ. ಅಪ್ಪನ ಘಟನೆ ಆದ ವರ್ಷವೇ ನಮ್ಮಲ್ಲಿ ಹೆಲ್ತ್ ಕ್ಯಾಂಪ್ ಇಟ್ಟಿದ್ದರು. ಕಾಫಿ ಮಷೀನಿನ ಪಕ್ಕ ಒಂದು ಸ್ಟೂಲು, ಹಿಂದೆ ಕ್ಯೂ. ಕಾಫಿ ಹಿಡ್ಕೊಂಡೇ ನಿಂತಿದ್ದೆ, ಕೂತ ತಕ್ಷಣ ಪಟ್ಟಿ ಕಟ್ಟಿದರು, ಆ ಹೊತ್ತಲ್ಲೂ ನಾನು ಗೆಳೆಯನ ಜೊತೆ ರಿಲೀಸ್ ಬಗ್ಗೆ ಮಾತಾಡ್ತಿದ್ದೆ. 156/98. ಬಿಪಿ ನೋಡೋ ಕ್ರಮವೇ ಅದಲ್ಲ ಅಂತ ಆಮೇಲೆ ಡಾಕ್ಟರು ಹೇಳಿದರು. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಸಿಗರೇಟು ಇರಬಾರದು. ಬೆನ್ನಿಗೆ ಒರಗಿ, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಬರೋ ಹಾಗೆ ಮೇಜಿನ ಮೇಲಿಡಬೇಕು, ಬಾಯಿ ಮುಚ್ಚಿರಬೇಕು. ಹಾಗೆ ಎರಡು ಮೂರು ದಿನ ನೋಡಿದ ಮೇಲೇ ತೀರ್ಮಾನ. ಕ್ಯಾಂಪಿನ ಹುಡುಗಿ ಇದ್ಯಾವುದನ್ನೂ ಹೇಳಲಿಲ್ಲ. "ಸರ್, ಸ್ಟ್ರೆಸ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂತ ಕಂಪನಿ ಲೋಗೋ ಇದ್ದ ಸ್ಪಂಜಿನ ಚೆಂಡೊಂದು ಕೊಟ್ಟಳು. ಹಿಸುಕೋಕೆ.

ನಾನೂ ಹಿಸುಕಿದೆ. ಧ್ಯಾನದ ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ಸ್ಟ್ರೆಸ್ ಸ್ಕೋರ್ ತೋರಿಸೋ 12 ಸಾವಿರದ ವಾಚು ಕೊಂಡೆ. ಎರಡು ಸಾವಿರದ ಆಸುಪಾಸಿಗೆ ಸಿಗೋ, ತೋಳಿಗೆ ಕಟ್ಟೋ ಬಿಪಿ ಮಷೀನು ಕೊಳ್ಳಲಿಲ್ಲ. ಅಪ್ಪನ ಕೈಗೆ ಚಮಚ ಹಿಡಿಯೋದು ಕಲಿಸ್ತಾ ಇದ್ದ ವರ್ಷದಲ್ಲೇ ನಾನು ಹೀಗೆ ಮಾಡಿದ್ದು. ಅವರ ತರ್ಕ ಮತ್ತೆ ನನ್ನದು ಒಂದೇ ಅಂತ ಹೊಳೆಯೋಕೆ ಇನ್ನೊಂದು ವರ್ಷ ಬೇಕಾಯ್ತು.

ಕೆಲಸದ ಒತ್ತಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ರಾತ್ರಿ ಹನ್ನೊಂದರವರೆಗೆ ಅಮೆರಿಕದ ಕಾಲ್, ಆಮೇಲೆ ತರಿಸಿಕೊಂಡ ಬಿರಿಯಾನಿ, ಐದು ಗಂಟೆ ನಿದ್ದೆ, ಶುಕ್ರವಾರದ ಬಿಯರು, ನಡೆಯೋದು ಅಂದ್ರೆ ಲಿಫ್ಟಿನವರೆಗೆ. ಇವು ಬಿಪಿ ಏರಿಸ್ತವೆ, ತೂಕವನ್ನೂ ಏರಿಸ್ತವೆ. ಆದರೆ ಇವು ಇರೋದು ನನ್ನ ಮನಸ್ಸಿನಲ್ಲಲ್ಲ, ಕ್ಯಾಲೆಂಡರಿನಲ್ಲಿ. ವೆಲ್‌ನೆಸ್‌ನವರು ಅದನ್ನ ನಾಜೂಕಾಗಿ ಕ್ಯಾಲೆಂಡರಿನಿಂದ ತೆಗೆದು ತಲೆಯೊಳಗೆ ಇಡ್ತಾರೆ, ಉಸಿರಾಟದಿಂದ ಸರಿಮಾಡ್ಕೋ ಅಂತಾರೆ. ಒತ್ತಡ ನಿಭಾಯಿಸೋ ವೆಬಿನಾರನ್ನ ನಮ್ಮಲ್ಲಿ ಇಟ್ಟಿದ್ದು ರಾತ್ರಿ ಎಂಟೂವರೆಗೆ! ಉಪ್ಪಿನ ವಿಷಯ ಅದರಲ್ಲಿ ಒಂದು ನಿಮಿಷವೂ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ನಮ್ಮೂರ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮೇಲಿಷ್ಟು ಮಜ್ಜಿಗೆಗೆ. ಆಫೀಸ್ ಪ್ಯಾಂಟ್ರಿಯಲ್ಲಿ ಪುಕ್ಕಟೆ ಚಿಪ್ಸು, ಕಪ್ ನೂಡಲ್ಸು. ಅದರ ಮುಂದೆಯೇ ನಮ್ಮ ಕ್ಯಾಂಪು ನಡೆದದ್ದು.

ಕೊನೆಗೆ ಮಷೀನು ಕೊಂಡು ವಾರವೆಲ್ಲ ಬೆಳಗ್ಗೆ ರಾತ್ರಿ ನೋಡಿ ಬರೆದಿಟ್ಟೆ. ಕಾಫಿ ಇಲ್ಲದೆ, ಮಾತಿಲ್ಲದೆ, 148, 151, 146. ಡಾಕ್ಟರು ಟೆಲ್ಮಿಸಾರ್ಟನ್ ಬರೆದರು. ಮೂವತ್ತನಾಲ್ಕಕ್ಕೇ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋ ಹಾಗಿಲ್ಲವಂತಲ್ಲ ಅಂತ ಕೇಳಿದೆ. ಅವರು ನನ್ನ ಕನ್ನಡಕ ತೋರಿಸಿ, "ಇದು ಎಷ್ಟು ವರ್ಷದಿಂದ ಚಟ?" ಅಂದರು. ನಡಿಗೆ, ಉಪ್ಪು, ತೂಕ ಎಲ್ಲಾ ಸರಿಹೋದ್ರೆ ಕಮ್ಮಿ ಮಾಡೋ ಬಗ್ಗೆ ನೋಡೋಣ, ಆದರೆ ಆ ತೀರ್ಮಾನ ನೀವಾಗೇ ಮಾಡ್ಬೇಡಿ ಅಂತಲೂ ಹೇಳಿದರು.

ಈಗ ಅಪ್ಪ ಎಡಗೈಯಲ್ಲಿ ಊಟ ಮಾಡ್ತಾರೆ. ಮಾತ್ರೆ ತಪ್ಪಿಸಲ್ಲ. ಭಾನುವಾರ ಅಮ್ಮ ಫೋನ್ ಮಾಡಿ ಮಷೀನಿನ ನಂಬರು ಓದ್ತಾಳೆ, ನನ್ನದನ್ನೂ ಕೇಳ್ತಾಳೆ.

ಈ ಸಲದ ವೆಲ್‌ನೆಸ್ ವೀಕಿನ ಮೇಲ್ ಬಂದಾಗ ಎಚ್‌ಆರ್‌ಗೆ ಉತ್ತರ ಬರೆದೆ. ಪ್ರತಿ ಫ್ಲೋರಿಗೆ ಒಂದು ಬಿಪಿ ಮಷೀನು, ಪಕ್ಕದಲ್ಲಿ ಒರಗೋ ಕುರ್ಚಿ, ಪಾಲಿಸಿಯಲ್ಲಿ ಹೊರರೋಗಿ ಖರ್ಚಿಗೆ ವರ್ಷಕ್ಕೆ ಒಂದೈದು ಸಾವಿರ, ಇಷ್ಟು ಸಾಕು ಅಂತ. ಅದೇ ದಿನ ಉತ್ತರ ಬಂತು. ಬಹಳ ಒಳ್ಳೆ ಸಲಹೆ, ಮುಂದಿನ ಕ್ವಾರ್ಟರಿನ ಬಜೆಟ್ಟಿನಲ್ಲಿ ನೋಡೋಣ, ಸದ್ಯಕ್ಕೆ ಗುರುವಾರ ಸಂಜೆ ಟೆರೇಸಿನಲ್ಲಿ ಜುಂಬಾ ಇದೆ, ದಯವಿಟ್ಟು ಬನ್ನಿ.