ತಂತಿ ಹಿಡಿದು ಹೊರಟರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾರ್ಬುರೇಟರ್ ಕಾರು ಇಟ್ಟುಕೊಂಡವರಿಗೆ ಆರಿದ್ರಾ ಮಳೆ ಹಿಡಿಯಿತೆಂದರೆ ಪರೀಕ್ಷೆಯ ಕಾಲ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಆಗ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬುರೇಟರಿಗೆ. ಜೆಟ್ ಬಿಚ್ಚಿ ಊದುತ್ತಾರೆ, ಸ್ಕ್ರೂ ತಿರುಗಿಸುತ್ತಾರೆ, ಸರಿಯಾಗಿದ್ದ ಟ್ಯೂನಿಂಗೂ ಕೆಡುತ್ತದೆ. ಆಮೇಲೆ ಪ್ಲಗ್, ಕಂಡೆನ್ಸರ್, ಕಾಯಿಲ್ ಒಂದೊಂದಾಗಿ ಹೊಸದು ಬರುತ್ತವೆ. ಕೊನೆಗೆ ಸಿಗುವ ದೋಷ ಬಹಳ ಸಲ ಹಸಿರುಗಟ್ಟಿದ ಟರ್ಮಿನಲ್ಲೋ, ಬೋಲ್ಟಿನಡಿ ತುಕ್ಕು ಹಿಡಿದ ಅರ್ತ್ ವೈರೋ ಆಗಿರುತ್ತದೆ. ಮಲೆನಾಡಿನಲ್ಲಿ ಬಿಡಿಭಾಗಗಳಿಗಿಂತ ಜಾಯಿಂಟುಗಳೇ ಮೊದಲು ಕೈಕೊಡುತ್ತವೆ. ಹಾಗಾಗಿ ಯಾವ ಭಾಗವನ್ನೂ ಬದಲಿಸುವ ಮೊದಲು ತಂತಿ ಹಿಡಿದು ಹೊರಡಬೇಕು. ಹಳೆಯ ಕಾರಿನ ಮೇಲೆ ಪ್ರೀತಿ ಇರುವವರು ಕಲಿಯಲೇಬೇಕಾದ ವಿದ್ಯೆ ಇದು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಜೀಪು, ಮೊದಮೊದಲ ಮಾರುತಿ 800, ಎಲ್ಲದರ ಕಿಡಿಯ ವ್ಯವಸ್ಥೆ ಮೂಲದಲ್ಲಿ ಒಂದೇ. 1910ರ ಆಸುಪಾಸಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಪದ್ಧತಿ ಅದು. ಬ್ಯಾಟರಿಯ 12 ವೋಲ್ಟ್ ಕೀಲಿಯ ಮೂಲಕ ಕಾಯಿಲಿಗೆ, ಕಾಯಿಲಿನಿಂದ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಒಳಗಿನ ಸಿಬಿ ಪಾಯಿಂಟಿಗೆ, ಪಾಯಿಂಟಿನಿಂದ ಎಂಜಿನ್ ಲೋಹಕ್ಕೆ ಹೋಗಿ ಬ್ಯಾಟರಿಗೆ ಮರಳುತ್ತದೆ. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಕಾಯಿಲಿನಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ತೆರೆದ ಕ್ಷಣ ಅದು ಕುಸಿದು, ಸಾವಿರಾರು ಸುತ್ತಿನ ಎರಡನೆಯ ಸುರುಳಿಯಲ್ಲಿ 15,000 ವೋಲ್ಟಿಗೂ ಹೆಚ್ಚಿನ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಆ ಕಿಡಿ ಪಾಯಿಂಟಿನಲ್ಲೇ ಹಾರಿ ವ್ಯರ್ಥವಾಗುತ್ತದೆ. ಮೂರು ಸಾವಿರ ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಅಂಬಾಸಿಡರ್ ಸೆಕೆಂಡಿಗೆ 100 ಕಿಡಿ ಕೇಳುತ್ತದೆ, ಮೂರು ಸಿಲಿಂಡರಿನ ಮಾರುತಿ 75. ಇಷ್ಟು ಕೆಲಸ ಮಾಡುವ ಪಾಯಿಂಟ್ ಅಂಬಾಸಿಡರಿನ ಲ್ಯೂಕಾಸ್ ಡೆಲ್ಕೊದಲ್ಲಿ ತೆರೆದುಕೊಳ್ಳುವುದು 0.4 ಮಿಲಿಮೀಟರಿಗಿಂತ ಹೆಚ್ಚಲ್ಲ.

ಹುಡುಕಾಟ ಎಲ್ಲಿಂದ ಶುರುವಾಗಬೇಕು? ನಡುವಿನಿಂದ. ತೋಟದ ಕೊನೆಯ ಸ್ಪ್ರಿಂಕ್ಲರಿಗೆ ನೀರು ಬರದಿದ್ದರೆ ಅನುಭವಸ್ಥರು ಪೈಪಿನ ಉದ್ದಕ್ಕೂ ಅಗೆಯುವುದಿಲ್ಲ, ಮಧ್ಯದ ಜಾಯಿಂಟ್ ಬಿಚ್ಚಿ ಅಲ್ಲಿವರೆಗೆ ನೀರಿದೆಯೇ ನೋಡುತ್ತಾರೆ. ಕಾರಿನಲ್ಲಿ ಆ ಮಧ್ಯದ ಜಾಗ ಕಾಯಿಲ್. ಡೆಲ್ಕೊ ಮುಚ್ಚಳದ ನಡುವಿನ ದಪ್ಪ ವೈರನ್ನು ಎಳೆದು, ಅದಕ್ಕೆ ಒಂದು ಹಳೆಯ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಮೈಯನ್ನು ಜಂಪರ್ ವೈರಿನಿಂದ ಎಂಜಿನ್ನಿಗೆ ಬಿಗಿಯಾಗಿ ಕೂಡಿಸಿ, ಒಬ್ಬರು ಸೆಲ್ಫ್ ಹೊಡೆಯಲಿ. ಪೆಟ್ರೋಲ್ ವಾಸನೆ ಇದ್ದರೆ ಇದನ್ನು ಮಾಡಬೇಡಿ, ವೈರನ್ನು ಕೈಯಲ್ಲಿ ಹಿಡಿಯಲೂಬೇಡಿ. ನೀಲಿ ಕಿಡಿ ಚಟಚಟನೆ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್, ಕೀಲಿ ಅಷ್ಟೂ ಸರಿ. ದೋಷ ಮುಂದೆ, ಮುಚ್ಚಳ, ರೋಟರ್, ಪ್ಲಗ್ ವೈರ್ ಮತ್ತು ಪ್ಲಗ್ಗುಗಳಲ್ಲಿದೆ. ಕಿಡಿ ಇಲ್ಲದಿದ್ದರೆ ಹಿಂದಕ್ಕೆ ಹೋಗಿ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

ಹಿಂದಕ್ಕೆ ಹೋಗಲು ಬೇಕಾದ್ದು 12 ವೋಲ್ಟಿನ ಒಂದು ಸಣ್ಣ ಬಲ್ಬ್, ಎರಡು ವೈರ್. ಬಲ್ಬಿನ ಒಂದು ತುದಿ ಅರ್ತಿಗೆ, ಇನ್ನೊಂದು ಕಾಯಿಲಿನ ಟರ್ಮಿನಲ್ಲಿಗೆ. ಹಳೆಯ ಲ್ಯೂಕಾಸ್ ಕಾಯಿಲ್ ತಲೆಯ ಮೇಲೆ ಎಸ್‌ಡಬ್ಲ್ಯು, ಸಿಬಿ ಎಂಬ ಗುರುತುಗಳಿರುತ್ತವೆ: ಮೊದಲನೆಯದು ಕೀಲಿಯಿಂದ ಬರುವುದು, ಎರಡನೆಯದು ಡೆಲ್ಕೊಗೆ ಹೋಗುವುದು. ಬಾಷ್ ಪದ್ಧತಿಯಲ್ಲಿ ಇವೇ 15 ಮತ್ತು 1. ಕೀಲಿ ತಿರುಗಿಸಿದಾಗ ಎಸ್‌ಡಬ್ಲ್ಯು ಅಥವಾ 15ರಲ್ಲಿ ಬಲ್ಬ್ ಉರಿಯಲೇಬೇಕು. ಉರಿಯದಿದ್ದರೆ ಕಾಯಿಲನ್ನು ಬೈಯಬೇಡಿ, ಕೀಲಿಯ ಕಡೆಗೆ ನಡೆಯಿರಿ. ಉರಿದರೆ ಬಲ್ಬನ್ನು ಸಿಬಿ ಟರ್ಮಿನಲ್ಲಿಗೆ ಹಿಡಿದು ಸೆಲ್ಫ್ ಹೊಡೆಸಿ. ಪಾಯಿಂಟ್ ಮುಚ್ಚಿದಾಗ ಆರಿ, ತೆರೆದಾಗ ಹೊತ್ತಿ, ಬಲ್ಬ್ ಮಿಣಮಿಣ ಎನ್ನಬೇಕು. ಒಂದೇ ಸಮನೆ ಉರಿದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಅದರ ಮೇಲೆ ಎಣ್ಣೆ, ಕಿಲುಬು ಕೂತಿದೆ. ಒಂದೇ ಸಮನೆ ಆರಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲಿನ ಒಳಸುತ್ತು ಕಡಿದಿದೆ.

ಬಣ್ಣಗಳೂ ದಾರಿ ತೋರಿಸುತ್ತವೆ. ಲ್ಯೂಕಾಸ್ ಪದ್ಧತಿಯಲ್ಲಿ ಕಂದು ವೈರ್ ಸದಾ ಜೀವಂತ, ಬ್ಯಾಟರಿಯಿಂದ ನೇರ. ಬಿಳಿ ವೈರ್ ಕೀಲಿ ತಿರುಗಿಸಿದ ಮೇಲೆ ಜೀವಂತ, ಫ್ಯೂಸ್ ಇಲ್ಲ, ಕಾಯಿಲಿಗೆ ಹೋಗುವುದು ಇದೇ. ಹಸಿರು ಅದೇ ಬಿಳಿಯಿಂದ ಫ್ಯೂಸ್ ದಾಟಿ ಹೊರಟದ್ದು. ಬಿಳಿಯ ಮೇಲೆ ಕಪ್ಪು ಗೆರೆ ಇದ್ದರೆ ಅದು ಕಾಯಿಲಿನಿಂದ ಡೆಲ್ಕೊಗೆ. ಪೂರ್ತಿ ಕಪ್ಪು ಅರ್ತ್. ಇಷ್ಟು ನೆನಪಿದ್ದರೆ ಡ್ಯಾಶ್‌ಬೋರ್ಡಿನ ಕೆಳಗಿನ ಗೋಜಲಿನಲ್ಲಿಯೂ ಕಿಡಿಯ ದಾರಿಯನ್ನು ಬಿಡಿಸಿ ತೆಗೆಯಬಹುದು.

ಇನ್ನು ನಮ್ಮ ಕಡೆ ದೋಷ ಹುಟ್ಟುವ ಮೂರು ಮೂಲಗಳು. ಮೊದಲನೆಯದು ಮಳೆ. ಶೃಂಗೇರಿಯಿಂದ ಸ್ವಲ್ಪವೇ ದೂರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗಾಳಿಯಲ್ಲೇ ಇರುವ ತೇವ ಡೆಲ್ಕೊ ಮುಚ್ಚಳದ ಒಳಗೆ ಬೆವರಿನಂತೆ ಕೂರುತ್ತದೆ. ಆ ತೇವದ ಮೇಲೆ ಕಿಡಿ ಹರಿದು ಹರಿದು ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಬೀಳುತ್ತದೆ. ಗೆರೆ ಬಿದ್ದ ಮೇಲೆ ಒರೆಸಿದರೂ ಫಲವಿಲ್ಲ; ಕಿಡಿಗೆ ಪ್ಲಗ್ಗಿಗಿಂತ ಆ ಗೆರೆಯೇ ಸುಲಭದ ದಾರಿ, ಮುಚ್ಚಳ ಬದಲಿಸಲೇಬೇಕು. ಪ್ಲಗ್ ವೈರುಗಳ ಸೋರಿಕೆ ನೋಡಬೇಕಿದ್ದರೆ ರಾತ್ರಿ ದೀಪ ಆರಿಸಿ, ಎಂಜಿನ್ ಚಾಲೂ ಇಟ್ಟು, ಕೈ ಹಾಕದೆ ಬಾನೆಟ್ಟಿನೊಳಗೆ ನೋಡಿ. ಒಡೆದ ವೈರಿನಿಂದ ಲೋಹಕ್ಕೆ ನೀಲಿ ಎಳೆಗಳು ಜಿಗಿಯುವುದು ಕಾಣುತ್ತದೆ.

ಎರಡನೆಯದು ಅರ್ತ್. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಪಟ್ಟಿಗಳ ಬುಡದಲ್ಲಿ ತುಕ್ಕು ಕೂತರೆ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ ಬಿಸಿಯಾಗುತ್ತಿದೆ ಎಂದರೆ ಸೆಲ್ಫ್ ಮೋಟಾರಿನ ಕರೆಂಟು ಅದರ ಮೂಲಕ ಮರಳುತ್ತಿದೆ ಎಂದೇ ಅರ್ಥ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಅರ್ತ್ ಕಂಬಕ್ಕೂ ಎಂಜಿನ್ ಬ್ಲಾಕಿಗೂ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ.

ಮೂರನೆಯದು ನಾವೇ ಸೇರಿಸಿದ್ದು. ಆಗುಂಬೆ ಘಾಟಿಯ ಮಂಜಿಗೆಂದು ಹಾಕಿಸಿದ ಹಳದಿ ದೀಪ, ಜೋಡಿ ಹಾರ್ನ್, ಟೇಪ್ ರೆಕಾರ್ಡರ್ ಎಲ್ಲಕ್ಕೂ ಸುಲಭವಾಗಿ ಸಿಗುವುದು ಕಾಯಿಲಿನ ಬಿಳಿ ವೈರ್. ಅದನ್ನು ಸುಲಿದು ಜಾಯಿಂಟ್ ಕೊಟ್ಟು ಟೇಪ್ ಸುತ್ತುತ್ತಾರೆ. ದೀಪ ಹಾಕಿದಾಗ ಕಾಯಿಲಿಗೆ ವೋಲ್ಟೇಜ್ ಇಳಿದು, ಏರಿನಲ್ಲಿ ಎಂಜಿನ್ ಮಿಸ್ ಹೊಡೆಯುತ್ತದೆ. ಇಂಥ ದೀಪಗಳಿಗೆ ಬ್ಯಾಟರಿಯಿಂದಲೇ ಬೇರೆ ಫ್ಯೂಸ್, ಬೇರೆ ರಿಲೇ ಇರಲೇಬೇಕು. ಅಡಿಕೆ, ಭತ್ತ ಇಡುವ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಇಲಿ ಕಡಿದ ವೈರನ್ನೂ ಮರೆಯಬಾರದು.

ಕಾರ್ಬುರೇಟರಿನ ಮೇಲೆ ಸುಮ್ಮನೆ ಅಪವಾದ ತರುವ ಎರಡು ದೋಷಗಳಿವೆ. ಡೆಲ್ಕೊ ಒಳಗೆ ಪಾಯಿಂಟಿಗೆ ಹೋಗುವ ಸಣ್ಣ ಮೆದು ವೈರ್, ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗಲೆಲ್ಲ ಬಾಗಿ ಬಾಗಿ ಕವಚದ ಒಳಗೇ ಕಡಿಯುತ್ತದೆ. ಐಡ್ಲಿಂಗ್ ಸರಿ ಇರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ. ಇನ್ನೊಂದು, ಹಲವು ಮಾರುತಿ ಕಾರ್ಬುರೇಟರುಗಳ ಮೇಲಿರುವ ಪೆಟ್ರೋಲ್ ತಡೆಯುವ ಸೊಲೆನಾಯ್ಡ್. ಅದರ ಒಂಟಿ ವೈರ್ ಕಳಚಿದರೆ ಐಡ್ಲಿಂಗಿನಲ್ಲಿ ಎಂಜಿನ್ ಆರಿಹೋಗುತ್ತದೆ. ಕೀಲಿ ತಿರುಗಿಸಿದಾಗ ಅಲ್ಲಿ ಟಿಕ್ ಶಬ್ದ ಕೇಳಿಸಬೇಕು. ಕೇಳಿಸದಿದ್ದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಬಲ್ಬ್ ಕೈಗೆತ್ತಿಕೊಳ್ಳಿ.

ಹೊಸ ಕಾರುಗಳಿಗೆ ಈ ಕಷ್ಟವಿಲ್ಲ. ಭಾರತದಲ್ಲಿ 2010ರಿಂದ ಹಂತಹಂತವಾಗಿ ಒಬಿಡಿ ಕಡ್ಡಾಯವಾಯಿತು, ಸ್ಕ್ಯಾನರ್ ಸಿಕ್ಕಿಸಿದರೆ ಕಾರು ತನ್ನ ದೋಷದ ಸಂಖ್ಯೆ ಹೇಳುತ್ತದೆ. ಆದರೂ ಅದು ಹೇಳುವುದು ಯಾವ ಸರ್ಕಿಟ್ ಎಂದಷ್ಟೇ. ತಂತಿ ಎಲ್ಲಿ ಕಡಿದಿದೆ ಎಂದು ಕೈಯೇ ಹುಡುಕಬೇಕು. ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮಾರುತಿಗಳಲ್ಲಿ ಮಾತ್ರ ಬಲ್ಬ್ ಬಳಸಬೇಡಿ, ಅದು ಎಳೆಯುವ ಕರೆಂಟಿಗೆ ಮಾಡ್ಯೂಲ್ ಸುಟ್ಟೀತು. ಅಲ್ಲಿ ಮಲ್ಟಿಮೀಟರೇ ಸರಿ.

ನಮ್ಮ ಮೂರೂ ತಾಲ್ಲೂಕುಗಳಲ್ಲಿ ಈ ಕಾರುಗಳ ವೈರಿಂಗನ್ನು ಅಂಗೈಯಂತೆ ಬಲ್ಲ ಎಲೆಕ್ಟ್ರಿಷಿಯನ್ನರಿಗೆ ಈಗ ವಯಸ್ಸಾಗಿದೆ. ಕಾರ್ಖಾನೆಯ ನಕ್ಷೆಗೂ ಈಗ ಕಾರಿನಲ್ಲಿರುವ ವೈರಿಂಗಿಗೂ ಹೊಂದಿಕೆಯೇ ಇಲ್ಲದಷ್ಟು ಬದಲಾವಣೆ ಆಗಿರುವುದರಿಂದ, ಪ್ರತಿ ಕಾರಿಗೂ ಅದರದೇ ನಕ್ಷೆ ಬೇಕು. ಮುಂದಿನ ಸಲ ನಿಮ್ಮ ಕಾರಿನ ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಿ. ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ, ಯಾವ ಜಾಯಿಂಟ್ ಎಲ್ಲಿ, ಯಾವ ಫ್ಯೂಸ್ ಯಾವುದಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಹೊಸ ವೈರ್ ಎಳೆದರೆ ಅದೇ ಬಣ್ಣದ್ದೇ ಎಳೆಯಲು ಹೇಳಿ, ಎರಡು ತುದಿಗೂ ಚೀಟಿ ಕಟ್ಟಿಸಿ. ಬರೆದ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಲ್ಬಿನ ಜೊತೆ ಡ್ಯಾಶ್‌ಬೋರ್ಡಿನಲ್ಲಿಡಿ. ಅಂಥ ಹಾಳೆ ಇರುವ ಕಾರನ್ನು, ಅದನ್ನು ಹಿಂದೆಂದೂ ಮುಟ್ಟದ ಎಳೆಯ ಮೆಕ್ಯಾನಿಕ್ ಕೂಡ ಮಳೆಯಲ್ಲಿ ನಿಂತು ಸರಿ ಮಾಡಬಲ್ಲ.